ಹಲಗೆ ಅಳೆದ ಮೇಲೆ ಇಂಜಿನ್ ಕೊಂಡೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿ ರೈಲನ್ನು ನೋಡುತ್ತಾ ಬೆಳೆದವರಿಗೆ ಇಂಜಿನ್ ಅಂದರೆ ಅಮೆರಿಕದ ಆಲ್ಕೋ ಕಂಪನಿ ವಿನ್ಯಾಸದ ಡೀಸೆಲ್ಲೇ. ನನಗೂ ಅಷ್ಟೇ. ಹಾಸನದ ಮನೆಯಲ್ಲಿ ಮಾಡೆಲ್ ರೈಲು ಹಾಕಬೇಕು ಅಂದುಕೊಂಡಾಗ ಮೊದಲು ಮನಸ್ಸಿಗೆ ಬಂದಿದ್ದು ಅದೇ ಆಲ್ಕೋ ಇಂಜಿನ್ ಡಬ್ಲ್ಯುಡಿಎಂ-2. ಕೊಂಡಿದ್ದು ಮಾತ್ರ ಬೇರೆ. ಇಂಜಿನ್ ಹುಡುಕುವ ಮೊದಲೇ ಟೇಪು ಹಿಡಿದು ಜಾಗ ಅಳೆದಿದ್ದರಿಂದ ಹಾಗಾಯಿತು.

ಸಿಕ್ಕ ಜಾಗ 8 ಅಡಿ ಉದ್ದ, 4 ಅಡಿ ಅಗಲ. ಅಂದರೆ ಸರಿಯಾಗಿ ಒಂದು ಪ್ಲೈವುಡ್ ಶೀಟು. ಎಚ್‌ಒ ಸ್ಕೇಲಿನಲ್ಲಿ ಎಲ್ಲವೂ ನಿಜವಾದುದರ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿ.ಮೀ. 4 ಅಡಿ ಅಗಲದೊಳಗೆ ರೈಲು ಪೂರ್ತಿ ಸುತ್ತು ಹೊಡೆಯಬೇಕು ಅಂದರೆ ತಿರುವಿನ ತ್ರಿಜ್ಯ 18 ಇಂಚು ಇಟ್ಟುಕೊಳ್ಳುವುದು ಆರಾಮ. 22 ಇಂಚೂ ಹಿಡಿಸುತ್ತದೆ, ಆದರೆ ಹಳಿ ಹಲಗೆಯ ಅಂಚಿಗೇ ಬಂದುಬಿಡುತ್ತದೆ. ಕೈ ತಾಗಿದರೆ ಇಂಜಿನ್ ನೇರ ನೆಲಕ್ಕೆ.

ಡಬ್ಲ್ಯುಡಿಎಂ-2ಗೆ ಆರು ಆಕ್ಸಲ್. ಹಿಂದೆ ಮುಂದೆ ಮೂರು ಮೂರು ಜೋಡಿ ಚಕ್ರ, ಮೈಯೂ ಉದ್ದ. 18 ಇಂಚಿನ ತಿರುವಿನಲ್ಲಿ ಇಂಥವು ಕೆಲವು ಓಡುತ್ತವೆ ನಿಜ. ಆದರೆ ಮೂತಿ ಹಳಿಯಿಂದ ಆಚೆ ಚಾಚಿಕೊಂಡು, ಹಿಂದಿನ ಬೋಗಿಯ ಕಪ್ಲಿಂಗನ್ನು ಪಕ್ಕಕ್ಕೆ ಎಳೆಯುತ್ತದೆ. ನೋಡೋಕೂ ಚೆನ್ನಾಗಿರಲ್ಲ. ಹಾಗಾಗಿ ನಾಲ್ಕು ಆಕ್ಸಲ್‌ನ ಇಂಜಿನ್ನೇ ಆಗಬೇಕು ಅಂತ ತೀರ್ಮಾನಿಸಿದೆ. ಆಲ್ಕೋ ಆಸೆಯನ್ನು ಪೂರ್ತಿ ಬಿಡಲಿಲ್ಲ. ಅದೇ ಕಂಪನಿಯ ಆರ್‌ಎಸ್-3 ಅಮೆರಿಕದಲ್ಲಿ 1950ರ ದಶಕದಲ್ಲಿ ಓಡಿದ ಇಂಜಿನ್, ನಾಲ್ಕೇ ಆಕ್ಸಲ್. ನಮ್ಮದರ ದೊಡ್ಡಪ್ಪನ ಮಗ ಅನ್ನಬಹುದು.

ಚಿಕ್ಕಮಗಳೂರಿನಲ್ಲಿರುವ ನಮ್ಮ ಭಾವನದು ಬೇರೆಯೇ ಲೆಕ್ಕ. ಬಾಡಿಗೆ ಮನೆ, ಗೋಡೆಗೆ ಒತ್ತಿದ 2 ಅಡಿ ಅಗಲದ ಹಲಗೆ. ಅವರು ಎನ್ ಸ್ಕೇಲ್ ಹಿಡಿದರು: 160ರಲ್ಲಿ ಒಂದು ಪಾಲು, 9 ಮಿ.ಮೀ. ಹಳಿ. ಅಷ್ಟರಲ್ಲೇ ಪೂರ್ತಿ ಸುತ್ತು ಬರುತ್ತದೆ. "ನೀವೂ ಇದಕ್ಕೇ ಬನ್ನಿ, ಉದ್ದದ ಗಾಡಿ ಓಡಿಸಬಹುದು" ಅಂತ ಈಗಲೂ ಹೇಳುತ್ತಾರೆ. ನನ್ನ ಕನ್ನಡಕಕ್ಕೆ ಅಷ್ಟು ಸಣ್ಣ ಚಕ್ರ ಹಳಿ ಮೇಲೆ ಕೂರಿಸುವುದು ಆಗದ ಮಾತು.

ಏರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಘಾಟಿಯ ಏರು 50ಕ್ಕೆ 1, ಅಂದರೆ 50 ಅಡಿ ಮುಂದೆ ಹೋದರೆ 1 ಅಡಿ ಎತ್ತರ. ಹಲಗೆ ಮೇಲೂ ಅದೇ ಇರಲಿ, ಒಂದು ಹಳಿ ಇನ್ನೊಂದರ ಮೇಲೆ ಸೇತುವೆ ದಾಟಲಿ ಅಂತ ಆಸೆ. ಎಚ್‌ಒದಲ್ಲಿ ಕೆಳಗಿನ ಗಾಡಿ ನುಸುಳಲು ಸುಮಾರು 3 ಇಂಚು ಎತ್ತರ ಬೇಕು. 50ಕ್ಕೆ 1ರಂತೆ ಹತ್ತಲು 150 ಇಂಚು, ಇಳಿಯಲು ಮತ್ತೆ 150. ನನ್ನ ಇಡೀ ಸುತ್ತೇ ಅಷ್ಟುದ್ದ ಇಲ್ಲ! ಏರನ್ನು 25ಕ್ಕೆ 1 ಮಾಡಿದರೆ ಜಾಗ ಸಾಲುತ್ತದೆ, ಆದರೆ ಸಣ್ಣ ಇಂಜಿನ್ ಎಳೆಯುವ ಬೋಗಿ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನಿಜವಾದ ಘಾಟಿಯಲ್ಲಾದರೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಹಾಕುತ್ತಾರೆ. ನನಗೆ ಇನ್ನೊಂದು ಇಂಜಿನ್ ಕೊಳ್ಳುವ ತಾಕತ್ತು ಎಲ್ಲಿ? ಸೇತುವೆ ಬಿಟ್ಟೆ.

ಈಗ ದುಡ್ಡಿನ ಮಾತು. ಇಟ್ಟುಕೊಂಡಿದ್ದು 25,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಜಿನ್‌ಗೆ ಹಾಕಬಾರದು ಅಂತ ಮೊದಲೇ ಗೆರೆ ಎಳೆದೆ. ಹಳಿ, ಪಾಯಿಂಟ್ (ಹಳಿ ಕವಲೊಡೆಯುವ ತುಂಡು), ಕಂಟ್ರೋಲರ್, ನಾಲ್ಕು ಬೋಗಿ, ಎಲ್ಲ ಉಳಿದದ್ದರಲ್ಲೇ ಬರಬೇಕಲ್ವಾ? ಸೌಂಡ್ ಇರುವ ಹೊಸ ಇಂಜಿನ್ ಹೊರದೇಶದಲ್ಲೇ 200 ಡಾಲರ್ ದಾಟುತ್ತದೆ. ಅದರ ಮೇಲೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ. ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತ್ತು. ಹಾಗಾಗಿ ಈ ದೇಶದೊಳಗೇ ಇರುವ ಹವ್ಯಾಸಿಯೊಬ್ಬರಿಂದ ಆರ್‌ಎಸ್-3 ಅನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ.

ಸೆಕೆಂಡ್ ಹ್ಯಾಂಡ್ ಅಂದ ಮೇಲೆ ಫೋಟೋ ಸಾಲದು. ತೀರಾ ನಿಧಾನಕ್ಕೆ ಓಡಿಸಿದ ವಿಡಿಯೋ ಕೇಳಿದೆ. ವೇಗವಾಗಿ ಓಡುವಾಗ ಎಲ್ಲ ಇಂಜಿನ್ನೂ ಚೆನ್ನಾಗೇ ಕಾಣುತ್ತದೆ. ನಿಧಾನದಲ್ಲಿ ಬಣ್ಣ ಬಯಲಾಗುತ್ತದೆ. ಚಕ್ರ ಸುತ್ತಿದಂತೆ ಟಿಕ್ ಟಿಕ್ ಶಬ್ದ ಬಂದರೆ ಪ್ಲಾಸ್ಟಿಕ್ ಗೇರ್ ಒಡೆದಿರುವ ಸಾಧ್ಯತೆ ಜಾಸ್ತಿ. ಎಲ್ಲ ಚಕ್ರಗಳೂ ಹಳಿಯಿಂದ ಕರೆಂಟ್ ತೆಗೆದುಕೊಳ್ಳುತ್ತವೆಯೇ ಅಂತಲೂ ಕೇಳಿದೆ. ಕೆಲವೇ ಚಕ್ರ ತೆಗೆದುಕೊಂಡರೆ ಪಾಯಿಂಟ್ ಮೇಲೆ, ಪ್ಲಾಸ್ಟಿಕ್ ತುಂಡು ಇರುವ ಕಡೆ, ಇಂಜಿನ್ ನಿಂತುಬಿಡುತ್ತದೆ. ಪ್ರತಿ ಸುತ್ತಿಗೂ ಬೆರಳಲ್ಲಿ ತಳ್ಳುತ್ತಾ ಕೂರುವುದಕ್ಕಿಂತ ಕೇರಂ ಆಡುವುದು ವಾಸಿ. ಕೊನೆಗೆ ತೂಕ. ಭಾರ ಇದ್ದಷ್ಟೂ ಹಳಿ ಮೇಲೆ ಹಿಡಿತ ಚೆನ್ನ.

ಡಿಸಿಸಿ, ಅಂದರೆ ಹಳಿಯ ಮೂಲಕವೇ ಇಂಜಿನ್‌ಗೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ, ಈಗ ಬೇಡ ಅಂದುಕೊಂಡೆ. ಒಂದೇ ಹಳಿಯಲ್ಲಿ ಹಲವು ಇಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸಲು ಅದು ಬೇಕು. ಒಂದೇ ಇಂಜಿನ್‌ಗೆ 12 ವೋಲ್ಟಿನ ಮಾಮೂಲಿ ಡಿಸಿ ಕಂಟ್ರೋಲರ್ ಸಾಕು. ಆದರೆ ಒಳಗೆ 8 ಪಿನ್ ಸಾಕೆಟ್ ಇರುವುದನ್ನೇ ಆರಿಸಿದೆ. ಮುಂದೆ ಡಿಸಿಸಿ ಆದೇಶ ಓದುವ ಡಿಕೋಡರ್ ಚುಚ್ಚಿದರೆ ಆಯಿತು, ಬೆಸುಗೆ ಕೆಲಸ ಇಲ್ಲ. ಚುಚ್ಚುವ ಮೊದಲು ಇಂಜಿನ್ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಮೀಟರ್ ಇಟ್ಟು ನೋಡಬೇಕು. ಹಳೇ ಮೋಟಾರ್ ಜಾಸ್ತಿ ಎಳೆದರೆ ಡಿಕೋಡರ್ ಸುಟ್ಟುಹೋಗುತ್ತದೆ.