ಬಲಿಪೂಜೆ ಮುಗಿದ ಮೇಲಿನ ಹದಿನೈದು ನಿಮಿಷ

ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ಊರಿನ ಕಥೋಲಿಕ ಚರ್ಚಿನಲ್ಲಿ, ಯುವಜನರ ಜವಾಬ್ದಾರಿ ನನ್ನ ಹೆಗಲಿಗೆ ಬಂದ ಮೊದಲ ವರ್ಷ, ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಒಂದು ದಿನದ ಯುವ ಸಮಾವೇಶ, ಹೊರಗಿನಿಂದ ಕರೆಸಿದ ಭಾಷಣಕಾರರು, ದೊಡ್ಡ ಬ್ಯಾನರ್, 60 ಕುರ್ಚಿ. ಬಂದವರು 9 ಜನ. ಸಂಜೆ ಕುರ್ಚಿ ಮಡಚಿ ಇಡುವಾಗ ಒಬ್ಬ ಹುಡುಗ ತಾನಾಗಿ ಬಂದು ಕೈಜೋಡಿಸಿದ. ಪ್ರತಿ ಭಾನುವಾರ ನಮ್ಮ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದವನು. ಅವನ ಹೆಸರು ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ಸಮಾವೇಶ ಯಾಕೆ ಖಾಲಿ ಉಳಿಯಿತು ಎಂದು ಅರ್ಥವಾಯಿತು. ಆಮೇಲಿನ 12 ವರ್ಷ ನಾನು ಕಲಿತದ್ದೆಲ್ಲ ಆ ಸಂಜೆಯಿಂದ ಶುರುವಾದದ್ದು.

ಹೊಸದಾಗಿ ಈ ಸೇವೆಗೆ ಬಂದಿದ್ದರೆ ಮೊದಲ ಮೂರು ತಿಂಗಳು ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಭಾನುವಾರದ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಮುಗಿದ ಕೂಡಲೇ ಹೊರಬಾಗಿಲ ಹತ್ತಿರ ಹದಿನೈದು ನಿಮಿಷ ನಿಲ್ಲಿ. ಹಿರಿಯರು ಮಾತಿಗೆ ಎಳೆಯುತ್ತಾರೆ, ಅವರಿಗೆ ನಮಸ್ಕಾರ ಹೇಳಿ ಮತ್ತೆ ಬಾಗಿಲ ಕಡೆಗೇ ಬನ್ನಿ. ವಾರಕ್ಕೆ ಇಬ್ಬರು ಹೊಸಬರ ಪರಿಚಯವಾದರೆ ಸಾಕು. ಮನೆಗೆ ಹೋಗಿ ಬರೆದಿಡಿ: ಹೆಸರು, ಏನು ಓದುತ್ತಿದ್ದಾರೆ ಅಥವಾ ಎಲ್ಲಿ ಕೆಲಸ, ಮನೆಯಲ್ಲಿ ಯಾರ್ಯಾರು, ಯಾವ ವಿಷಯ ಮಾತಾಡುವಾಗ ಮುಖ ಅರಳಿತು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಮುಂದಿನ ವಾರ ಆ ವಿಷಯವನ್ನೇ ಕೇಳಿ. "ಆವತ್ತು ಹೇಳಿದ ಇಂಟರ್‌ವ್ಯೂ ಏನಾಯ್ತು?" ಎಂಬ ಒಂದು ಪ್ರಶ್ನೆಗೆ ಇರುವ ಬಲ ಯಾವ ಪೋಸ್ಟರಿಗೂ ಇಲ್ಲ. "ಯಾಕೆ ಯೂತ್ ಮೀಟಿಂಗಿಗೆ ಬರಲ್ಲ?" ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಮುಂದಿನ ವಾರ ಅವರು ಪಕ್ಕದ ಬಾಗಿಲಿನಿಂದ ಹೋಗುತ್ತಾರೆ.

ಬಡ ಹುಡುಗರಿಗಾಗಿ ದುಡಿದ ಇಟಲಿಯ ಗುರು ಸಂತ ಜಾನ್ ಬೋಸ್ಕೋ ಅವರ ಕೆಲಸವೂ ಇಷ್ಟು ಚಿಕ್ಕದಾಗಿಯೇ ಆರಂಭವಾಯಿತು. 1841ರ ಡಿಸೆಂಬರ್ 8ರಂದು ಟ್ಯೂರಿನ್ ನಗರದ ಒಂದು ದೇವಾಲಯದಲ್ಲಿ ಅವರು ಪೂಜೆಗೆ ಸಿದ್ಧರಾಗುತ್ತಿದ್ದಾಗ, ಪೂಜೆಯಲ್ಲಿ ಗುರುವಿಗೆ ನೆರವಾಗುವ ಪೀಠಸೇವೆ ಗೊತ್ತಿಲ್ಲ ಎಂದ ಬಡ ಹುಡುಗನೊಬ್ಬನನ್ನು ಅಲ್ಲಿನ ಸೇವಕ ಹೊಡೆದು ಓಡಿಸಿದ. "ಅವನು ನನ್ನ ಸ್ನೇಹಿತ, ಕರೆದುಕೊಂಡು ಬಾ" ಎಂದರು ಬೋಸ್ಕೋ. ಓದಲು ಬರುತ್ತದೆಯೇ? ಇಲ್ಲ. ಹಾಡಲು? ಇಲ್ಲ. ಶಿಳ್ಳೆ ಹಾಕಲು? ಹುಡುಗ ನಕ್ಕುಬಿಟ್ಟ. ಬೋಸ್ಕೋ ಸ್ಥಾಪಿಸಿದ ಸಂಸ್ಥೆಯವರಾದ ಸಲೇಸಿಯನ್ನರು ಇಂದಿಗೂ ಹೇಳುವ ಈ ಘಟನೆಯನ್ನು ಪ್ರತಿ ಹೊಸ ನಾಯಕರಿಗೂ ನಾನು ಮೊದಲ ದಿನವೇ ಹೇಳುತ್ತೇನೆ. ಬರುವುದಿಲ್ಲ ಎಂಬ ಉತ್ತರ ಬಂದಷ್ಟೂ ಸಲ ಬೋಸ್ಕೋ ಇನ್ನೊಂದು ಪ್ರಶ್ನೆ ಹುಡುಕಿದರು. ಬಾರ್ತೊಲೊಮೆಯೊ ಗರೆಲ್ಲಿ ಎಂಬ ಆ ಹುಡುಗ ಮುಂದಿನ ಭಾನುವಾರ ಗೆಳೆಯರನ್ನು ಕರೆದುಕೊಂಡೇ ಬಂದ.

ಹೆಸರು ಗೊತ್ತಾದ ಮೇಲೆ ಕೆಲಸ ಕೊಡಿ. ನಾವು ಸಾಮಾನ್ಯವಾಗಿ ಕೊಡುವುದು ಕುರ್ಚಿ ಹಾಕುವುದು, ಅಲಂಕಾರ ಕಟ್ಟುವುದು, ಹಬ್ಬದ ದಿನ ವಾಹನಗಳಿಗೆ ಜಾಗ ತೋರಿಸುವುದು. ಇವೂ ಸೇವೆಯೇ. ಆದರೆ ಇಷ್ಟನ್ನೇ ಕೊಟ್ಟರೆ, ತಮ್ಮ ತೋಳು ಮಾತ್ರ ಬೇಕು, ತಲೆ ಬೇಡ ಎಂಬುದು ಅವರಿಗೆ ಬೇಗ ಗೊತ್ತಾಗುತ್ತದೆ. ತಪ್ಪಿದರೆ ಎಲ್ಲರಿಗೂ ಕಾಣುವಂಥ ಕೆಲಸವನ್ನು, ಪಕ್ಕದಲ್ಲಿ ನಿಂತು ಕೊಡಿ.

ವಾಚನದ, ಅಂದರೆ ಪೂಜೆಯಲ್ಲಿ ಬೈಬಲಿನ ಭಾಗ ಓದುವುದರ, ಉದಾಹರಣೆ ಹೇಳುತ್ತೇನೆ. ದೃಢೀಕರಣ ಸಂಸ್ಕಾರ ಪಡೆದ ಮೇಲೆ ನಾಲ್ಕು ತಿಂಗಳು ಕಾಣಿಸದೇ ಹೋಗಿದ್ದ ಹುಡುಗಿಯೊಬ್ಬಳಿಗೆ ಎರಡನೇ ವಾಚನ ಕೊಟ್ಟೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಭಾಗ. ಉದ್ದುದ್ದ ವಾಕ್ಯ, ಒಂದೇ ಉಸಿರಿಗೆ ಓದಿದರೆ ಯಾರಿಗೂ ಅರ್ಥವಾಗದು. ಬುಧವಾರ ಸಂಜೆ ಖಾಲಿ ದೇವಾಲಯದಲ್ಲಿ ಇಬ್ಬರೇ ಅಭ್ಯಾಸಕ್ಕೆ ನಿಂತೆವು. ಅವಳ ತಾಯಿ ಮುಂದಿನ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂತಿದ್ದರು. ಮೊದಲು ಓದಿಸಲಿಲ್ಲ, ಕೇಳಿದೆ: "ಇದನ್ನು ಪೌಲರು ಯಾರಿಗೆ ಹೇಳುತ್ತಿದ್ದಾರೆ? ಯಾಕೆ?" ಸ್ವಲ್ಪ ಹೊತ್ತು ನೋಡಿ, "ಹೆದರಿಕೊಂಡವರಿಗೆ" ಎಂದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಅವಳೇ ಪೆನ್ಸಿಲಿನಿಂದ ಅಡ್ಡಗೆರೆ ಹಾಕಿಕೊಂಡಳು. ಆಮೇಲೆ ನಾನು ಕಟ್ಟಕಡೆಯ ಬೆಂಚಿಗೆ ಹೋಗಿ ಕೂತೆ, ಅವಳು ವಾಚನ ಪೀಠದಲ್ಲಿ ನಿಂತಳು. ಕೇಳಿಸದಿದ್ದಾಗ ಕೈ ಎತ್ತುವುದು, ಅಷ್ಟೇ ನನ್ನ ಕೆಲಸ. ಮೂರು ಸಲ ಕೈ ಎತ್ತಿದೆ, ನಾಲ್ಕನೇ ಸಲ ಎತ್ತಬೇಕಾಗಲಿಲ್ಲ. ಭಾನುವಾರ ಒಂದು ಕಡೆ ತಡವರಿಸಿದಳು, ನಿಂತಳು, ಅದೇ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು. ಆ ದಿನದಿಂದ ಅವಳು ಪೂಜೆಗೆ ತಡವಾಗಿ ಬಂದದ್ದು ನನಗೆ ನೆನಪಿಲ್ಲ. ಈಗ ಚಿಕ್ಕವರಿಗೆ ಅಡ್ಡಗೆರೆ ಹಾಕುವುದನ್ನು ಅವಳೇ ಕಲಿಸುತ್ತಾಳೆ.

ಮೈಕು ಮತ್ತು ಸೌಂಡ್, ಗಾನವೃಂದದ ಹಾಡುಗಳ ಆಯ್ಕೆ, ವಿಶ್ವಾಸಿಗಳ ಪ್ರಾರ್ಥನೆ ಬರೆಯುವುದು, ಕಾಯಿಲೆಯವರ ಮನೆಗೆ ಹಿರಿಯರ ಜೊತೆ ಹೋಗುವುದು, ಎಲ್ಲದಕ್ಕೂ ಇದೇ ಕ್ರಮ. ಮೊದಲು ನೀವು ಮಾಡಿ ತೋರಿಸಿ, ನಂತರ ಜೊತೆಯಲ್ಲಿ ಮಾಡಿ, ಆಮೇಲೆ ಕಡೆಯ ಬೆಂಚಿಗೆ ಹೋಗಿ.

ಧರ್ಮಕೇಂದ್ರದ ಕೆಲಸಗಳಲ್ಲಿ ಗುರುವಿಗೆ ಸಲಹೆ ಕೊಡುವ ಪಾಲನಾ ಪರಿಷತ್ತಿನಲ್ಲಿ ಯುವಜನರಿಗೆ ಜಾಗ ಕೇಳುವಾಗ ಒಂದಲ್ಲ, ಎರಡು ಸ್ಥಾನ ಕೇಳಿ. ಹಿರಿಯರ ನಡುವೆ ಒಬ್ಬರೇ ಕೂತರೆ ಬಾಯಿ ಬಿಡುವುದು ಕಷ್ಟ. ಸಭೆಯ ವಿಷಯಪಟ್ಟಿ ಅವರಿಗೂ ಮೊದಲೇ ಸಿಗಲಿ. ವರ್ಷಕ್ಕೊಮ್ಮೆ ಚಿಕ್ಕದೊಂದು ಮೊತ್ತವನ್ನು ಅವರೇ ಯೋಜಿಸಿ, ಖರ್ಚು ಮಾಡಿ, ಲೆಕ್ಕ ಒಪ್ಪಿಸಲಿ. ಇದಕ್ಕೆ ಫಾದರ್ ಒಪ್ಪಬೇಕು. ಒಪ್ಪಿಸುವಾಗ ನಾನು ಹೇಳುವುದು ಇಷ್ಟು: 2018ರ ಅಕ್ಟೋಬರಿನಲ್ಲಿ ಧರ್ಮಾಧ್ಯಕ್ಷರ (ಬಿಷಪರ) ಸಿನೊಡ್ ಸಭೆ ನಡೆದದ್ದೇ ಯುವಜನರ ಬಗ್ಗೆ. ಅದರ ನಂತರ 2019ರ ಮಾರ್ಚ್ 25ರಂದು ಪೋಪ್ ಫ್ರಾನ್ಸಿಸ್ ಸಹಿ ಹಾಕಿದ 'ಕ್ರಿಸ್ತುಸ್ ವಿವಿತ್' ಪ್ರಬೋಧನ ಪತ್ರ, ಯುವಜನ ಸೇವೆಯನ್ನು ನಡೆಸಬೇಕಾದವರು ಯುವಜನರೇ, ಅವರಿಗೆ ಜೊತೆ ಕೊಡುವುದು ನಮ್ಮ ಕೆಲಸ ಎಂದು ಸ್ಪಷ್ಟವಾಗಿ ಹೇಳುತ್ತದೆ.

ವಾರದ ಸಭೆ ಒಂದೂಕಾಲು ಗಂಟೆ ಮೀರದಿರಲಿ. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ದುಡಿಯುವ ಯುವಜನರಿಗಾಗಿ ರೂಢಿಗೆ ತಂದ ಕ್ರಮ ಇಂದಿಗೂ ಚೆನ್ನಾಗಿ ನಡೆಯುತ್ತದೆ: ನೋಡು, ವಿವೇಚಿಸು, ಕಾರ್ಯಮಾಡು. ಅವರ ಬದುಕಿನದೇ ಒಂದು ಸಂಗತಿ ಎತ್ತಿಕೊಳ್ಳಿ. ಕೆಲಸದ ಜಾಗದಲ್ಲಿ ಸುಳ್ಳು ಲೆಕ್ಕ ಬರೆಯಲು ಹೇಳುತ್ತಾರೆ, ಏನು ಮಾಡಲಿ? ಮೊದಲು ಏನಾಗಿದೆ ಎಂದು ಪೂರ್ತಿ ಕೇಳಿ. ಆಮೇಲೆ ಶುಭಸಂದೇಶದ ಒಂದು ಭಾಗ ಓದಿ ಅದರ ಬೆಳಕಿನಲ್ಲಿ ನೋಡಿ. ಕೊನೆಗೆ ಆ ವಾರ ಮಾಡಬಹುದಾದ ಒಂದೇ ಒಂದು ಕೆಲಸ ಗೊತ್ತುಮಾಡಿ, ಮುಂದಿನ ವಾರ ಅದರಿಂದಲೇ ಸಭೆ ಶುರುಮಾಡಿ. ನಾಯಕರ ಅವಧಿ ಎರಡು ವರ್ಷ ಸಾಕು.

ಪ್ರಾರ್ಥನೆಗೆ ಅಂಜಬೇಡಿ. ಯುವಕರಿಗೆ ಬೇಸರ ಬರುತ್ತದೆಂದು ಆಟಪಾಟವನ್ನೇ ತುಂಬಿಸುವವರನ್ನು ಕಂಡಿದ್ದೇನೆ. ಅದು ಅವರನ್ನು ಕಡಿಮೆ ಅಂದಾಜು ಮಾಡಿದ ಹಾಗೆ. ಯೇಸುವಿನ ಶರೀರವೆಂದು ನಾವು ನಂಬುವ ಪರಮಪ್ರಸಾದದ ಎದುರು ಇಪ್ಪತ್ತು ನಿಮಿಷ ಮೌನ, ಪಕ್ಕದಲ್ಲಿ ಪಾಪನಿವೇದನೆಗೆ ಒಬ್ಬ ಗುರು. ಇಷ್ಟಿದ್ದ ರಾತ್ರಿಗಳಲ್ಲೇ ನಮ್ಮ ಗುಂಪಿನ ಮಕ್ಕಳು ಎದ್ದು ಹೋಗಲು ಒಲ್ಲೆ ಎಂದದ್ದು. 15ನೇ ವಯಸ್ಸಿಗೆ, 2006ರಲ್ಲಿ ತೀರಿಕೊಂಡ ಕಾರ್ಲೊ ಅಕುತಿಸ್ ಕಂಪ್ಯೂಟರ್ ಪ್ರೀತಿಸುತ್ತಿದ್ದ ಹುಡುಗ, ಪ್ರತಿದಿನ ಪೂಜೆಗೆ ಹೋಗುತ್ತಿದ್ದವನೂ ಅವನೇ. 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಣೆಯಾಯಿತು. ಅದೇ ದಿನ ಸಂತರಾದ ಪಿಯೆರ್ ಜಾರ್ಜೊ ಫ್ರಸಾತಿ ಬೆಟ್ಟ ಹತ್ತುತ್ತಿದ್ದವರು, ಬಡವರ ಮನೆಬಾಗಿಲಿಗೆ ಹೋಗುತ್ತಿದ್ದವರು, 24ಕ್ಕೇ ತೀರಿಕೊಂಡವರು. ಇವರಿಬ್ಬರ ಬದುಕನ್ನು ಓದಿಸಿ. ಧರ್ಮಕೇಂದ್ರದ ಯುವದಿನಕ್ಕೆ ಒಳ್ಳೆಯ ದಿನ ಕ್ರಿಸ್ತರಾಜರ ಹಬ್ಬ. 2021ರಿಂದ ಧರ್ಮಪ್ರಾಂತಗಳ (ಒಬ್ಬ ಬಿಷಪರ ಆಡಳಿತದ ಪ್ರದೇಶಗಳ) ಯುವ ದಿನಾಚರಣೆ ಆ ಭಾನುವಾರಕ್ಕೆ ಬಂದಿದೆ.

ಒಂದು ವಿಷಯದಲ್ಲಿ ರಾಜಿ ಬೇಡ. 18 ತುಂಬದವರ ಜೊತೆ ಯಾವ ದೊಡ್ಡವರೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಕೂಡದು. ವಾಟ್ಸ್ಆ್ಯಪ್ ಗುಂಪಿನಲ್ಲಿ ಇಬ್ಬರು ಹಿರಿಯರಾದರೂ ಇರಲಿ, ಮಕ್ಕಳಿಗೆ ಖಾಸಗಿ ಸಂದೇಶ ಬೇಡ. ಹೊರಗೆ ಕರೆದುಕೊಂಡು ಹೋಗುವ ಮೊದಲು ಹೆತ್ತವರ ಲಿಖಿತ ಒಪ್ಪಿಗೆ ಬೇಕು. ಮಗು ಏನಾದರೂ ಹೇಳಿಕೊಂಡರೆ ನಂಬಿ, ಅದೇ ದಿನ ಹೇಳಬೇಕಾದವರಿಗೆ ಹೇಳಿ. ನಿಮ್ಮನ್ನು ಅನುಮಾನಿಸಿ ಮಾಡಿದ ನಿಯಮ ಇದಲ್ಲ, ಆ ಮಕ್ಕಳ ಪಾಲಿನ ಬೇಲಿ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಅವರ ಹೆಸರನ್ನು ನೋಟ್‌ಬುಕ್ಕಿನಿಂದ ಹೊಡೆದು ಹಾಕಬೇಡಿ. ಲೂಕನ ಶುಭಸಂದೇಶದ 24ನೇ ಅಧ್ಯಾಯದಲ್ಲಿ ಶಿಷ್ಯರಿಬ್ಬರು ಜೆರುಸಲೇಮ್ ಬಿಟ್ಟು ಎಮ್ಮಾವು ಎಂಬ ಹಳ್ಳಿಯ ಕಡೆ ಹೊರಟಿದ್ದರು. ಯೇಸು ಅವರನ್ನು ದಾರಿಯಲ್ಲಿ ತಡೆಯಲಿಲ್ಲ, ಅವರು ಹೊರಟ ದಿಕ್ಕಿನಲ್ಲೇ ಜೊತೆಗೆ ನಡೆದರು, ಮೊದಲು ಅವರ ಮಾತು ಕೇಳಿದರು. ಅದನ್ನು ನೆನೆದು ನಾನು ಹೋದವರಿಗೂ ಹುಟ್ಟುಹಬ್ಬಕ್ಕೆ, ಹೊಸ ಕೆಲಸ ಸಿಕ್ಕಿದಾಗ, ಮನೆಯಲ್ಲಿ ಸಾವಾದಾಗ ಎರಡು ಸಾಲು ಬರೆಯುತ್ತೇನೆ. ಯಾವಾಗ ಬರ್ತೀ ಎಂಬ ಪ್ರಶ್ನೆ ಅದರಲ್ಲಿ ಇರುವುದಿಲ್ಲ. ಆವತ್ತು ನನ್ನ ಜೊತೆ ಕುರ್ಚಿ ಮಡಚಿದ ಹುಡುಗನೂ ಹಾಗೆಯೇ ದೂರವಾದ. 14 ತಿಂಗಳು ಉತ್ತರವಿಲ್ಲ. ಒಂದು ಶನಿವಾರ ರಾತ್ರಿ ಮೆಸೇಜ್ ಬಂತು: "ಅಕ್ಕಾ, ನಾಳೆ ಪೂಜೆ ಎಷ್ಟು ಗಂಟೆಗೆ?" ಗಂಟೆ ಎಷ್ಟೆಂದು ಮಾತ್ರ ಬರೆದೆ. ಮರುದಿನ ಬಾಗಿಲ ಹತ್ತಿರ ಸ್ವಲ್ಪ ಬೇಗನೇ ಹೋಗಿ ನಿಂತೆ.