ಸ್ಟಾರ್ ಫಿಲ್ಟರ್ ಬೇಡ, ಎಫ್/22 ಕೂಡ ಬೇಡ: ದೀಪಕ್ಕೆ ನಕ್ಷತ್ರ ಮೂಡಿಸಿದ ನನ್ನ ಅನುಭವ

ರಾತ್ರಿ ಫೋಟೊದಲ್ಲಿ ದೀಪಗಳು ನಕ್ಷತ್ರದಂತೆ ಕಿರಣ ಚೆಲ್ಲಬೇಕಾದರೆ ಲೆನ್ಸಿನ ಮುಂದೆ ಸ್ಟಾರ್ ಫಿಲ್ಟರ್ ಎಂಬ ಗೀರುಗಾಜು ಹಾಕಬೇಕು, ಇಲ್ಲವೇ ಬೆಳಕು ಒಳಬರುವ ಕಿಂಡಿಯನ್ನು (ಅಪರ್ಚರ್) ತೀರಾ ಕಿರಿದು ಮಾಡಿ ಎಫ್/22ಕ್ಕೆ ಇಳಿಯಬೇಕು ಎನ್ನುವವರೇ ಹೆಚ್ಚು. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಎರಡೂ ಬೇಡ ಎಂದಾಗ ನಕ್ಕವರೇ ಈಗ ಸೆಟ್ಟಿಂಗ್ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ದುಡ್ಡು ದಂಡವಾಗುವ ದಾರಿ. ನಾಲ್ಕು, ಆರು, ಎಂಟು ಕಿರಣದ ಮೂರು ಫಿಲ್ಟರ್ ಕೊಳ್ಳುವ ಹಣಕ್ಕೆ ಸುಮಾರಾದ ಒಂದು ಹಳೇ ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ಬರುತ್ತದೆ. ಕೊಂಡರೂ ಸಿಗುವುದು ಎಲ್ಲ ದೀಪಕ್ಕೂ ಒಂದೇ ಅಚ್ಚಿನ ಕಿರಣ. ಗಾಜಿನ ಮೇಲಿನ ಗೀರುಗಳು ಬೆಳಕನ್ನು ಚದುರಿಸಿ ಆಕಾಶದ ಕಪ್ಪನ್ನೆಲ್ಲ ಬೂದಿಬಣ್ಣ ಮಾಡುತ್ತವೆ. ಸಾಲದ್ದಕ್ಕೆ ಫ್ರೇಮಿನ ಎದುರು ಮಗ್ಗುಲಲ್ಲಿ ಅದೇ ದೀಪದ ತಲೆಕೆಳಗಾದ ಮಬ್ಬು ಬಿಂಬ. ಈ ಬಿಂಬದ ಕಾಟಕ್ಕೇ ರಾತ್ರಿ ಹೊತ್ತು ಯುವಿ ಫಿಲ್ಟರನ್ನೂ ಬಿಚ್ಚಿಡುತ್ತೇನೆ.

ಎಫ್/22ರಲ್ಲಿ ಕಿರಣ ಬರುವುದು ನಿಜ. ಆದರೆ ಕಟ್ಟಡದ ಅಂಚು, ಕಿಟಕಿಯ ಸರಳು ಎಲ್ಲವೂ ಮೆತ್ತಗಾಗುತ್ತವೆ, ಸೆನ್ಸರ್ ಮೇಲಿನ ಧೂಳು ಒಂದೊಂದೂ ಎದ್ದು ಕಾಣುತ್ತದೆ. ಕಿರಣಕ್ಕಾಗಿ ಇಡೀ ಚಿತ್ರವನ್ನು ಬಲಿ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಅಸಲು ವಿಷಯ ಇರುವುದು ಅಪರ್ಚರ್ ಬ್ಲೇಡುಗಳಲ್ಲಿ, ಅಂದರೆ ಆ ಕಿಂಡಿಯನ್ನು ಕಿರಿದು ಮಾಡುವ ತೆಳು ಎಲೆಗಳಲ್ಲಿ. ಬ್ಲೇಡ್ ಸಮಸಂಖ್ಯೆಯಾದರೆ ಅಷ್ಟೇ ಕಿರಣ, ಬೆಸವಾದರೆ ಇಮ್ಮಡಿ. ಇದು ಎಲ್ಲರಿಗೂ ಗೊತ್ತು. ಯಾರೂ ಗಮನಿಸದ್ದು ಬ್ಲೇಡಿನ ಅಂಚು. ದುಂಡಗಿನ ಬ್ಲೇಡಿರುವ ದುಬಾರಿ ಲೆನ್ಸ್ ಬೊಕೆಗೆ (ಹಿನ್ನೆಲೆಯ ಮಸುಕಿಗೆ) ಚೆನ್ನ, ಕಿರಣಕ್ಕೆ ಸೋಮಾರಿ. ನೇರ ಅಂಚಿನ ಆರು ಬ್ಲೇಡಿನ ಹಳೇ ಮ್ಯಾನುಯಲ್ ಲೆನ್ಸ್ ಎಫ್/8ಕ್ಕೇ ಕಿರಣ ಬಿಡತೊಡಗುತ್ತದೆ, ಎಫ್/11ರ ಹೊತ್ತಿಗೆ ಚೂಪಾಗಿರುತ್ತದೆ. ಒಂಬತ್ತು ಬ್ಲೇಡಿನದು ಹದಿನೆಂಟು ಸಣ್ಣ ಕಿರಣ ಕೊಡುತ್ತದೆ. ಫ್ರೇಮಿನಲ್ಲಿ ಒಂದೆರಡೇ ದೀಪವಿದ್ದರೆ ಸೊಗಸು, ಸಾಲುದೀಪಕ್ಕೆ ಹಿಡಿದರೆ ಕಣ್ಣಿಗೆ ಗಲಿಬಿಲಿ.

ಹಳೇ ಲೆನ್ಸ್ ಕೊಳ್ಳುವ ಮುಂಚೆ ಹೀಗೆ ಪರೀಕ್ಷಿಸಿ. ಕತ್ತಲ ಕೋಣೆಯಲ್ಲಿ ಫೋನಿನ ಟಾರ್ಚ್ ಹೊತ್ತಿಸಿ, ಅದಕ್ಕೆ ಸೂಜಿಯಿಂದ ಚುಚ್ಚಿದ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ. ಏಳೆಂಟು ಅಡಿ ದೂರದಿಂದ ಎಫ್/8, 11, 16ರಲ್ಲಿ ಒಂದೊಂದು ಫ್ರೇಮ್ ತೆಗೆಯಿರಿ. ಆರು ಬ್ಲೇಡಿನ ಲೆನ್ಸಿನಲ್ಲಿ ಯಾವುದಾದರೂ ಕಿರಣ ಸೀಳಿ ಜೋಡಿಯಾಗಿ ಕಂಡರೆ ಎದುರುಬದುರಿನ ಬ್ಲೇಡುಗಳು ಸಮಾನಾಂತರವಾಗಿಲ್ಲ ಎಂದರ್ಥ. ಎಣ್ಣೆ ಹಿಡಿದು ಸರಿಯಾಗಿ ಮುಚ್ಚದ ಬ್ಲೇಡಿನಲ್ಲೂ ಇದೇ ಪಾಡು. ಅಂಥದ್ದನ್ನು ಅಗ್ಗಕ್ಕೆ ಕೊಟ್ಟರೂ ಬೇಡ.

ಇನ್ನು ಶೂಟಿಂಗ್. ಐಎಸ್ಒ 100, ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ), ಸ್ಟೆಬಿಲೈಸರ್ ಆಫ್, ಲೈವ್ ವ್ಯೂ ಹಿಗ್ಗಿಸಿ ಮ್ಯಾನುಯಲ್ ಫೋಕಸ್. ಟ್ರೈಪಾಡ್ ಅಲುಗಿಸದೆ ಮೊದಲು ದೃಶ್ಯಕ್ಕೆ ಎಫ್/8ರಲ್ಲಿ ಸುಮಾರು 4 ಸೆಕೆಂಡ್. ಆಮೇಲೆ ದೀಪಗಳಿಗೆ ಎಫ್/13 ಅಥವಾ 14ರಲ್ಲಿ 25ರಿಂದ 30 ಸೆಕೆಂಡ್. ಲೆಕ್ಕದ ಪ್ರಕಾರ ಹನ್ನೆರಡು ಸೆಕೆಂಡಿನ ಆಸುಪಾಸು ಸಾಕು. ಬೇಕೆಂದೇ ಒಂದು ಸ್ಟಾಪ್ ಹೆಚ್ಚು, ಅಂದರೆ ಇಮ್ಮಡಿ ಬೆಳಕು ಕೊಡುತ್ತೇನೆ, ಕಿರಣದ ಮಂದವಾದ ತುದಿ ಆಗ ಮೇಲೇಳುತ್ತದೆ. ಆಮೇಲೆ ಎಡಿಟಿಂಗ್ ತಂತ್ರಾಂಶದಲ್ಲಿ ಎರಡನೇ ಫ್ರೇಮನ್ನು ಲೈಟನ್ ಮೋಡಿನಲ್ಲಿ (ಎರಡರಲ್ಲಿ ಹೆಚ್ಚು ಬೆಳಗಿದ್ದೇ ಕಾಣುವಂತೆ) ಮೇಲಿಟ್ಟು, ದೀಪದ ಸುತ್ತ ಮಾತ್ರ ಮಾಸ್ಕ್ ತೆರೆಯಬೇಕು. ಸುಟ್ಟುಹೋದ ನಡುಭಾಗಕ್ಕೆ ಬಣ್ಣ ಮರಳಿಸುವ ಕೈಚಳಕವೊಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಲ್‌ಇಡಿ ಬೀದಿದೀಪ ಬಹಳ ಜನರನ್ನು ಸತಾಯಿಸುತ್ತದೆ. ಹತ್ತಿರದಿಂದ ತೆಗೆದರೆ ಒಳಗಿನ ಒಂದೊಂದು ಚಿಪ್ಪೂ ತನ್ನದೇ ನಕ್ಷತ್ರ ಬಿಡಿಸಿ, ಒಟ್ಟಾರೆ ಮುಳ್ಳುಕಂಟಿ. ದೀಪ ಒಂದು ಚುಕ್ಕಿಯಾಗಿ ಕಾಣುವಷ್ಟು ಹಿಂದೆ ಸರಿಯುವುದೊಂದೇ ಉಪಾಯ. ಹಾಲುಗಾಜಿನ ಬುರುಡೆಯೊಳಗಿನ ದೀಪದಿಂದ ಹತ್ತಿರದಲ್ಲಿ ಕಿರಣದ ಆಸೆ ಇಟ್ಟುಕೊಳ್ಳಬೇಡಿ. ಮಂಜಿನಲ್ಲೂ ಅಷ್ಟೇ. ಬೆಳಗಿದ ಗೋಡೆಯ ಮುಂದಿನ ದೀಪಕ್ಕೆ ಕಿರಣ ಬಂದರೂ ಕಾಣುವುದಿಲ್ಲ. ಹಿಂದೆ ಕತ್ತಲು ಬೇಕು.

ನಡುವೆ ಮಾಡಿದ ಇನ್ನೊಂದು ಪ್ರಯೋಗ: 85 ಎಂಎಂ ಲೆನ್ಸಿನ ಹುಡ್‌ಗೆ 0.3 ಎಂಎಂ ಮೀನುಗಾಳದ ನೂಲನ್ನು ಅಡ್ಡ, ಉದ್ದ ಬಿಗಿದು ಟೇಪ್ ಹಚ್ಚುವುದು. ಅಪರ್ಚರ್ ಎಫ್/2ರಲ್ಲಿ ತೆರೆದಿದ್ದರೂ ನಾಲ್ಕು ಕಿರಣ ಸಿಗುತ್ತದೆ, ಖರ್ಚು ಇಲ್ಲವೆನ್ನುವಷ್ಟು. ನೂಲು ದಪ್ಪವಾದಷ್ಟೂ ಕಿರಣ ಗಿಡ್ಡ, ಆದರೆ ಪ್ರಖರ. ಸಡಿಲಾಗಿ ಬಾಗಿದರೆ ಬೀಸಣಿಗೆಯಂತೆ ಹರಡುತ್ತದೆ. ನೂಲಿನ ಬದಲು ಸೊಳ್ಳೆಜಾಲರಿ ಕಟ್ಟಿದರೆ ಕಿರಣದುದ್ದಕ್ಕೂ ಕಾಮನಬಿಲ್ಲಿನ ಚುಕ್ಕಿಗಳು, ಮದುವೆ ಆಲ್ಬಮ್ಮಿಗೆ ಆದೀತು. ವೈಡ್ ಲೆನ್ಸಿನಲ್ಲಿ ಈ ನೂಲಿನಾಟ ನಡೆಯದು. 24 ಎಂಎಂ, ಎಫ್/16ರಲ್ಲಿ ಒಂದು ದೀಪದಿಂದ ಒಳಬರುವ ಬೆಳಕಿನ ಕಂಬಿ ಒಂದೂವರೆ ಎಂಎಂ ಅಗಲ ಮಾತ್ರ. ನೂಲಿಗೆ ಸಿಕ್ಕ ದೀಪಕ್ಕೆ ಕಿರಣ, ತಪ್ಪಿಸಿಕೊಂಡದ್ದಕ್ಕೆ ಏನೂ ಇಲ್ಲ.