ಚಿತ್ತಾರದ ಎಳೆ ತಪ್ಪಿದಾಗ

ರಜೆಯಲ್ಲಿ ಮಕ್ಕಳ ಕೈಗೆ ಕೆಲಸ ಕೊಡಬೇಕೆಂದಿರುವವರು ನಮ್ಮ ಸಾಗರ ಸೀಮೆಯ ದೀವರ ಸಮುದಾಯದವರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಆರಿಸಿಕೊಳ್ಳಬಹುದು. ಕೆಮ್ಮಣ್ಣು ಬಳಿದು ಒಣಗಿಸಿದ ರಟ್ಟು, ನೆನೆಸಿ ನುಣ್ಣಗೆ ಅರೆದ ಅಕ್ಕಿಯ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ ಇಷ್ಟಿದ್ದರೆ ಸಾಕು. ಮೊದಲ ದಿನ ಎಳೆ ಡೊಂಕಾಗುತ್ತದೆ, ಹಿಟ್ಟು ತೆಳ್ಳಗಿದ್ದರೆ ಬಣ್ಣ ಹರಿದು ಕೆಳಗಿಳಿಯುತ್ತದೆ. ಆಗ ಕುಂಚವನ್ನು ಕಸಿದು ತಿದ್ದಿಕೊಡುವ ಚಪಲ ದೊಡ್ಡವರಾದ ನಮಗೇ ಹೆಚ್ಚು (ನನಗಂತೂ ಇತ್ತು). ಹಾಗೆ ಮಾಡದೆ, ಹಾಳಾದ ಭಾಗದ ಮೇಲೆ ಮಗುವೇ ಮತ್ತೆ ಕೆಮ್ಮಣ್ಣು ಬಳಿದು, ಅದು ಒಣಗುವವರೆಗೆ ಕಾದು, ಅದೇ ಎಳೆಯನ್ನು ಪುನಃ ಹಾಕಲು ಬಿಡಿ. ನನ್ನ ಮಗಳು ನಾಲ್ಕನೆಯ ಸಲಕ್ಕೆ, ಹಿಟ್ಟಿಗೆ ನೀರು ಕಡಿಮೆ ಮಾಡಬೇಕೆಂಬುದನ್ನು ತಾನೇ ಕಂಡುಕೊಂಡು, ಉಸಿರು ಬಿಗಿಹಿಡಿದು ಒಂದು ಗೇಣು ನೇರ ಗೆರೆ ಎಳೆದಳು. ದಿನಕ್ಕೆ ಅರ್ಧ ಗಂಟೆ ಸಾಕು; ಬೇಸರ ಬರುವ ಮೊದಲೇ ಎತ್ತಿಡಿ.